ಟಿ.ಸಿ. ತೆಗೆಸುವ ಮುನ್ನ ಈ ಲೆಕ್ಕ ನೋಡಿ

2025ರ ಮೇ 2ರಂದು ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರ ಫಲಿತಾಂಶ ಬಂದಾಗ ಎಲ್ಲರ ಬಾಯಲ್ಲೂ ಇದ್ದದ್ದು ಒಂದೇ ಅಂಕಿ: ಶೇ 62.34. ಬರೆದವರು 8,42,173, ಪಾಸಾದವರು 5,24,984. ಅದೇ ಲೆಕ್ಕದ ಒಳಗೆ ಇನ್ನೊಂದು ಲೆಕ್ಕವಿದೆ. ಶಾಲೆಗೆ ಹೋಗಿ ಓದಿ ಮೊದಲ ಸಲ ಪರೀಕ್ಷೆಗೆ ಕೂತವರು 7,90,890. ಅವರಲ್ಲಿ 5,23,075 ಮಂದಿ, ಅಂದರೆ ಶೇ 66.14ರಷ್ಟು ಪಾಸಾದರು. ಒಟ್ಟು ಸಂಖ್ಯೆಯಿಂದ ಇವರನ್ನು ಕಳೆದರೆ ಉಳಿಯುವವರು 51,283. ಇವರು ಹಿಂದೆ ಫೇಲಾಗಿ ಮತ್ತೆ ಕಟ್ಟಿದವರು, ಇಲ್ಲವೇ ಶಾಲೆಯ ಹೊರಗಿದ್ದು ಖಾಸಗಿಯಾಗಿ ಕಟ್ಟಿದವರು. ಇವರಲ್ಲಿ ಪಾಸಾದವರು ಬರೀ 1,909. ನೂರಕ್ಕೆ ನಾಲ್ವರೂ ಇಲ್ಲ.

ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ಓದಿನಲ್ಲಿ ಮೊದಲೇ ಹಿಂದೆ ಬಿದ್ದ ಮಕ್ಕಳು ಈ ಗುಂಪಿನಲ್ಲಿ ಹೆಚ್ಚಿದ್ದಾರೆ. ಆದ್ದರಿಂದ ಶಾಲೆ ಬಿಟ್ಟದ್ದೇ ಫೇಲಾಗಲು ಕಾರಣ ಎಂದು ಇದರಿಂದ ತೀರ್ಮಾನಿಸಲಾಗದು. ಆದರೂ ತರಗತಿಯಿಂದ ಒಮ್ಮೆ ಹೊರಬಿದ್ದ ಮಗು ಹತ್ತನೇ ತರಗತಿ ದಾಟುವುದು ಎಷ್ಟು ಕಷ್ಟ ಎಂಬುದು ಇಲ್ಲಿ ಸ್ಪಷ್ಟವಾಗಿದೆ. ಆ ಕಷ್ಟವನ್ನೇ ಬಂಡವಾಳ ಮಾಡಿಕೊಂಡ ವ್ಯಾಪಾರವೊಂದು ರಾಜ್ಯದ ಊರೂರಿನಲ್ಲೂ ನಡೆಯುತ್ತಿದೆ.

ಪಾಂಡವಪುರ ತಾಲ್ಲೂಕಿನ ಚಿನಕುರಳಿ ಹೋಬಳಿಯಂಥ ಕಬ್ಬು-ಭತ್ತದ ಸೀಮೆಯ ಮನೆಗಳಲ್ಲಿ ಶಾಲೆ ಬಿಡಿಸುವ ಮಾತು ಹೇಗೆ ಶುರುವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. "ಹೈದ ಸ್ಕೂಲಿಗೆ ಹೋಗಾಕಿಲ್ಲ ಅಂತವ್ನೆ. ಮನೇಲೇ ಓದ್ಕಂಡು ಡೈರೆಕ್ಟಾಗಿ ಟೆಂತ್ ಕಟ್‌ಬೋದಂತೆ, ಪಿಯುಸಿನೂ ಮಾಡುಸ್ಕೊಡ್ತಾರಂತೆ." ಫಲಿತಾಂಶ ಬಂದ ವಾರದಲ್ಲಿ ಕರಪತ್ರಗಳು ಬರುತ್ತವೆ, ವಾಟ್ಸ್‌ಆ್ಯಪ್‌ನಲ್ಲಿ ಬಣ್ಣದ ಚಿತ್ರಗಳು ಓಡಾಡುತ್ತವೆ. ಫೇಲಾದವರಿಗೆ, ಒಂಬತ್ತಕ್ಕೇ ಬಿಟ್ಟವರಿಗೆ ಸುವರ್ಣಾವಕಾಶ, ತರಗತಿಗೆ ಬರಬೇಕಿಲ್ಲ, ಪಾಸು ಗ್ಯಾರಂಟಿ! ಅಪ್ಪ ಶಾಲೆಗೆ ಹೋಗಿ ಟಿ.ಸಿ. ಕೇಳುತ್ತಾನೆ.

ಮನೆಯಲ್ಲಿ ಕೂತು ಓದುವುದು ತಪ್ಪಲ್ಲ. ಕೆಲವು ಮಕ್ಕಳಿಗೆ ಅದೇ ಸರಿಯಾದ ದಾರಿ. ಆದರೆ ಯಾವ ಮಂಡಳಿಗೆ ಕಟ್ಟಿದೆವು, ಯಾವ ವಿಷಯ ಆರಿಸಿದೆವು, ಯಾವ ಹಕ್ಕನ್ನು ಬಿಟ್ಟುಕೊಟ್ಟೆವು ಎಂಬುದನ್ನು ನೋಡದೆ ಇಟ್ಟ ಹೆಜ್ಜೆಯ ಪೆಟ್ಟು ಅಂದೇ ಬೀಳುವುದಿಲ್ಲ. ಮೂರು ವರ್ಷಕ್ಕೋ ಎಂಟು ವರ್ಷಕ್ಕೋ, ಕಾಲೇಜಿನ ಕೌಂಟರಿನಲ್ಲೋ ನೇಮಕಾತಿಯ ದಾಖಲೆ ಪರಿಶೀಲನೆಯಲ್ಲೋ ಬೀಳುತ್ತದೆ. ಅಷ್ಟು ಹೊತ್ತಿಗೆ ಸರಿಪಡಿಸುವ ವಯಸ್ಸು ದಾಟಿರುತ್ತದೆ.

ಕಾನೂನು ಕೈಬಿಡುವ ವಯಸ್ಸು

ಮಕ್ಕಳ ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದು ಕಾಯುವುದು 6ರಿಂದ 14 ವರ್ಷದ ಮಕ್ಕಳನ್ನು, ಎಂಟನೇ ತರಗತಿವರೆಗೆ. ಎಂಟನೆಯ ತರಗತಿಯ ಮಗು ಶಾಲೆ ಬಿಟ್ಟರೆ ಅದನ್ನು ವಾಪಸು ಕರೆತರುವುದು ಸರ್ಕಾರದ ಕಾನೂನುಬದ್ಧ ಹೊಣೆ. ಒಂಬತ್ತಕ್ಕೆ ಕಾಲಿಟ್ಟ ಮಗುವಿಗೆ ಆ ಕಾಯ್ದೆಯ ಹಿಡಿತವಿಲ್ಲ. ಮಗು ಅತಿ ಸುಲಭವಾಗಿ ಶಾಲೆಯಿಂದ ಜಾರುವ ವಯಸ್ಸೂ ಅದೇ. ಹೈಸ್ಕೂಲು ಊರಿಂದ ದೂರ, ಗಣಿತ ಕಠಿಣ, ಗದ್ದೆ ಕೆಲಸಕ್ಕೆ ಕೈ ಬೇಕು. ಏಜೆಂಟರ ಕಣ್ಣು ಬೀಳುವುದೂ ಈ ವಯಸ್ಸಿನ ಮೇಲೆಯೇ.

ಮಾನ್ಯತೆ ಇರುವ ದಾರಿಗಳು

ಶಾಲೆಗೆ ಹೋಗದೆ ಹತ್ತನೇ ತರಗತಿ ಮುಗಿಸಲು ನಮ್ಮಲ್ಲಿ ನೆಟ್ಟಗಿನ ದಾರಿಗಳಿವೆ. ಮೊದಲನೆಯದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟುವುದು. ಅದಕ್ಕೆ 15 ವರ್ಷ ತುಂಬಿರಬೇಕು. ನೋಂದಣಿಯ ವಿವರ ಪಾಂಡವಪುರದ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲೇ ಸಿಗುತ್ತದೆ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ. ಶಾಲೆಯ ಮಕ್ಕಳು ಬರೆಯುವ ಮಂಡಳಿಯೂ ಇದೇ ಆದ್ದರಿಂದ ಮುಂದೆ ಯಾರೂ ಮಾನ್ಯತೆಯ ತಕರಾರು ಎತ್ತುವುದಿಲ್ಲ.

ಎರಡನೆಯದು ರಾಷ್ಟ್ರೀಯ ಮುಕ್ತ ವಿದ್ಯಾಲಯ ಸಂಸ್ಥೆ, ಎಲ್ಲರ ಬಾಯಲ್ಲಿ ಎನ್‌ಐಒಎಸ್. 1979ರಲ್ಲಿ ಸಿಬಿಎಸ್‌ಇಯ ಪ್ರಾಯೋಗಿಕ ಯೋಜನೆಯಾಗಿ ಆರಂಭವಾಗಿ, 1989ರಲ್ಲಿ ಸ್ವತಂತ್ರ ಸಂಸ್ಥೆಯಾಗಿ, 2002ರಲ್ಲಿ ಈಗಿನ ಹೆಸರು ಪಡೆದ ಇದು ಕೇಂದ್ರ ಶಿಕ್ಷಣ ಸಚಿವಾಲಯದಡಿ ನಡೆಯುತ್ತದೆ. ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರವಿದೆ. ಹತ್ತನೆಯ ಹಂತಕ್ಕೆ 14 ವರ್ಷ, ಹನ್ನೆರಡನೆಯ ಹಂತಕ್ಕೆ 15 ವರ್ಷ ತುಂಬಿರಬೇಕು. ಕನಿಷ್ಠ ಐದು ವಿಷಯ, ಪಾಸಾಗಲು ಶೇ 33 ಅಂಕ. ಒಮ್ಮೆ ಸೇರಿದರೆ ಐದು ವರ್ಷದ ಅವಧಿ, ಒಂಬತ್ತು ಅವಕಾಶ. ಅಂಕದಲ್ಲಿ ಶೇ 20ರಷ್ಟು ಮಗು ಬರೆದು ಕೊಡಬೇಕಾದ ನಿಯೋಜಿತ ಕಾರ್ಯಕ್ಕೆ ಮೀಸಲು.

ಮೂರನೆಯದು ಮೈಸೂರಿನಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠದ ಕರ್ನಾಟಕ ಮುಕ್ತ ಶಾಲೆ. ಕನ್ನಡದಲ್ಲಿ ಓದಿದ ಮಕ್ಕಳು ಇದನ್ನೂ ವಿಚಾರಿಸಬಹುದು.

ಈ ದಾರಿಗಳಲ್ಲಿ ಎಲ್ಲೂ 'ಪಾಸು ಗ್ಯಾರಂಟಿ' ಎಂಬುದಿಲ್ಲ. ಏಜೆಂಟನನ್ನು ಅಳೆಯಲು ಒಂದು ಗಟ್ಟಿ ಅಳತೆಗೋಲು ಎನ್‌ಐಒಎಸ್‌ನ ನಿಯಮದಲ್ಲೇ ಇದೆ. ಹತ್ತನೆಯ ಹಂತ ಪಾಸಾದ ಮೇಲೆ ಹನ್ನೆರಡನೆಯ ಹಂತದ ಪ್ರಮಾಣಪತ್ರ ಸಿಗಲು ಎರಡು ವರ್ಷದ ಅಂತರ ಬೇಕು. ಹಾಗಿರುವಾಗ 'ಒಂದೇ ವರ್ಷದಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿ ಎರಡೂ' ಎನ್ನುವವನು ನಿಯಮ ತಿಳಿಯದವನು, ಇಲ್ಲವೇ ತಿಳಿದೇ ಸುಳ್ಳು ಹೇಳುವವನು. ನಿಯೋಜಿತ ಕಾರ್ಯವನ್ನು 'ನಾವೇ ಬರೆಸಿ ಹಾಕ್ತೀವಿ' ಎನ್ನುವವನೂ ಅದೇ ಜಾತಿಯವನು.

ಕಾಗದ ಬಿದ್ದುಹೋಗುವುದು ಹೇಗೆ

ಹೆಸರಿನಲ್ಲಿ 'ಬೋರ್ಡ್', 'ಕೌನ್ಸಿಲ್', 'ಓಪನ್', 'ದೆಹಲಿ' ಎಂದಿದ್ದ ಮಾತ್ರಕ್ಕೆ ಅದು ಪರೀಕ್ಷಾ ಮಂಡಳಿ ಆಗುವುದಿಲ್ಲ. ಸೊಸೈಟಿಯನ್ನೋ ಟ್ರಸ್ಟನ್ನೋ ಯಾರು ಬೇಕಾದರೂ ನೋಂದಾಯಿಸಬಹುದು. ಆ ನೋಂದಣಿ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿ 'ಸರ್ಕಾರದಿಂದ ನೋಂದಾಯಿತ' ಎಂದು ಬರೆದರೆ ಓದಿದವರೂ ನಂಬಿಬಿಡುತ್ತಾರೆ. ಶಾಲಾ ಮಂಡಳಿಗಳ ಸಮಾನತೆಯನ್ನು ನಿರ್ಧರಿಸುವ ಅಧಿಕಾರವನ್ನು ಕೇಂದ್ರ ಸರ್ಕಾರ 2021ರ ನವೆಂಬರ್‌ನಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟಕ್ಕೆ ವಹಿಸಿದೆ. ಕಾನೂನಿನಿಂದ ಸ್ಥಾಪನೆಯಾಗದ, ಆ ಒಕ್ಕೂಟ ಒಪ್ಪದ ಮಂಡಳಿಯ ಅಂಕಪಟ್ಟಿಗೆ ಕಾಲೇಜಿನಲ್ಲಾಗಲಿ ಕಚೇರಿಯಲ್ಲಾಗಲಿ ಬೆಲೆ ಸಿಗುವುದಿಲ್ಲ.

ಇದು ದೂರದ ದೆಹಲಿಯ ಕಥೆ ಎಂದುಕೊಳ್ಳಬೇಡಿ. ವಿಶ್ವವಿದ್ಯಾಲಯ ಅನುದಾನ ಆಯೋಗ ಪ್ರಕಟಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಬೆಳಗಾವಿ ಜಿಲ್ಲೆಯ ಗೋಕಾಕದ 'ಬಡಗಣವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿ ಎಜುಕೇಶನ್ ಸೊಸೈಟಿ' ಹಲವು ವರ್ಷಗಳಿಂದ ಕಾಣಿಸಿಕೊಂಡಿದೆ. ಆ ಹೆಸರನ್ನು ಇನ್ನೊಮ್ಮೆ ಓದಿ. 'ಸರ್ಕಾರ್' ಇದೆ, 'ವರ್ಲ್ಡ್' ಇದೆ, 'ಯೂನಿವರ್ಸಿಟಿ' ಇದೆ. ಮಾನ್ಯತೆಯೊಂದು ಇಲ್ಲ.

ನಿಜವಾದ ಸಂಸ್ಥೆಯ ಮಾನ್ಯತೆಯೂ ಕೆಲವೊಮ್ಮೆ ನಡುದಾರಿಯಲ್ಲಿ ಹೋಗುತ್ತದೆ. ಅದಕ್ಕೆ ಸಾಕ್ಷಿ ಪಕ್ಕದ ಮೈಸೂರಿನಲ್ಲೇ ಇದೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ರಾಜ್ಯ ಸರ್ಕಾರವೇ ಸ್ಥಾಪಿಸಿದ್ದು. ತನ್ನ ವ್ಯಾಪ್ತಿಯಾಚೆ ಖಾಸಗಿ ಸಂಸ್ಥೆಗಳ ಜತೆ ಸೇರಿ ಕೋರ್ಸು ನಡೆಸಿದ ಕಾರಣಕ್ಕೆ 2012-13ರ ನಂತರದ ಅವಧಿಗೆ ಅದಕ್ಕೆ ಮಾನ್ಯತೆ ಇಲ್ಲವೆಂದು ಅನುದಾನ ಆಯೋಗ 2015ರ ಜೂನ್‌ನಲ್ಲಿ ಸಾರ್ವಜನಿಕ ಪ್ರಕಟಣೆ ಹೊರಡಿಸಿತು. ಮಾನ್ಯತೆ ಮರಳಿದ್ದು 2018ರಲ್ಲಿ. 2013-14 ಮತ್ತು 2014-15ರಲ್ಲಿ ಸೇರಿದವರು ಶುಲ್ಕ ಕಟ್ಟಿ, ಪರೀಕ್ಷೆ ಬರೆದು, ಕೈಯಲ್ಲಿ ಬೆಲೆಯಿಲ್ಲದ ಕಾಗದ ಹಿಡಿದು ಕಚೇರಿ ಕಚೇರಿ ಅಲೆದರು. ತಪ್ಪು ಅವರದಾಗಿರಲಿಲ್ಲ. ಸರ್ಕಾರಿ ವಿಶ್ವವಿದ್ಯಾಲಯದಲ್ಲೇ ಹೀಗಾದರೆ, ಎರಡನೇ ಮಹಡಿಯ ಒಂದು ಕೋಣೆಯಲ್ಲಿ ನಡೆಯುವ ಟ್ಯುಟೋರಿಯಲ್ ತೋರಿಸುವ ಮಂಡಳಿಯನ್ನು ಎಷ್ಟು ನಂಬಬೇಕು?

ಮುಂದುವರಿದ ದೇಶವೂ ಇದರಿಂದ ಪಾರಾಗಿಲ್ಲ. ಅಮೆರಿಕದಲ್ಲಿ ಮನೆಯಲ್ಲೇ ಓದಿ ಹೈಸ್ಕೂಲು ಮುಗಿಸುವವರು ದೊಡ್ಡ ಸಂಖ್ಯೆಯಲ್ಲಿದ್ದಾರೆ, ಅವರಿಗೆ ಪ್ರಮಾಣಪತ್ರ ಮಾರುವ ಮೋಸದ ಅಂಗಡಿಗಳೂ ಹುಟ್ಟಿಕೊಂಡಿವೆ. 2014ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಎರಡು ಆನ್‌ಲೈನ್ ಹೈಸ್ಕೂಲುಗಳ ಮೇಲೆ ಮೊಕದ್ದಮೆ ಹೂಡಿತು. ತಲಾ 200-300 ಡಾಲರ್ ಪಡೆದು ಪ್ರಮಾಣಪತ್ರ ಕೊಡುತ್ತಿದ್ದ ಅವು 2009ರಿಂದ 1.1 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿದ್ದವೆಂದು ಕಮಿಷನ್ ಹೇಳಿತು. ಆ ಕಾಗದ ಹಿಡಿದು ಕಾಲೇಜಿಗೆ, ಸೈನ್ಯಕ್ಕೆ, ಕೆಲಸಕ್ಕೆ ಹೋದವರಿಗೆ ಅದು ನಡೆಯುವುದಿಲ್ಲ ಎಂದು ಗೊತ್ತಾದದ್ದು ಅಲ್ಲಿಗೆ ಹೋದ ಮೇಲೆಯೇ.

ಇನ್ನೂ ಭಯಪಡಬೇಕಾದ ಪ್ರಕರಣ ನಮ್ಮ ರಾಜ್ಯದ ಜಲಸಂಪನ್ಮೂಲ ಇಲಾಖೆಯದು. ಬ್ಯಾಕ್‌ಲಾಗ್ ದ್ವಿತೀಯ ದರ್ಜೆ ಸಹಾಯಕ ಹುದ್ದೆಗಳಿಗೆ 2022ರಲ್ಲಿ ಅರ್ಜಿ ಕರೆಯಲಾಗಿತ್ತು. ನಕಲಿ ಅಂಕಪಟ್ಟಿ ಕೊಟ್ಟು ಆ ಹುದ್ದೆ ಪಡೆಯಲು ಹೊರಟರೆಂಬ ಆರೋಪದಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು 2024ರ ಆಗಸ್ಟ್‌ನಲ್ಲಿ 48 ಮಂದಿಯನ್ನು ಬಂಧಿಸಿದರು. ಮಧ್ಯವರ್ತಿಗಳೂ ಸಿಕ್ಕಿಬಿದ್ದರು, ಆದರೆ ಹೆಚ್ಚಿನವರು ಅಭ್ಯರ್ಥಿಗಳೇ. ಈ ಲೆಕ್ಕವನ್ನು ಹೆತ್ತವರು ಮನಸ್ಸಿಗೆ ತಂದುಕೊಳ್ಳಬೇಕು. ಹದಿನಾರನೇ ವಯಸ್ಸಿನಲ್ಲಿ ಅಪ್ಪ ದುಡ್ಡು ಕೊಟ್ಟು ತಂದ ಕಾಗದಕ್ಕೆ ಇಪ್ಪತ್ತೈದನೇ ವಯಸ್ಸಿನಲ್ಲಿ ಉತ್ತರ ಹೇಳಬೇಕಾದವನು ಮಗ.

ಅಸಲಿ ಅಂಕಪಟ್ಟಿಯಲ್ಲೂ ಅಪಾಯವಿದೆ

ಮಂಡಳಿ ಅಸಲಿ ಎಂದು ಖಾತ್ರಿಯಾದ ಮೇಲೂ ಒಂದು ಹಳ್ಳ ಉಳಿದಿದೆ, ಅದು ವಿಷಯಗಳ ಆಯ್ಕೆ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಇದ್ದೇ ಇರುತ್ತವೆ. ಎನ್‌ಐಒಎಸ್‌ನಲ್ಲಿ ಐದು ವಿಷಯಗಳನ್ನು ನಾವೇ ಆರಿಸಬೇಕು. ಗಣಿತ ಬಿಟ್ಟು ಗೃಹವಿಜ್ಞಾನ ತೆಗೆದುಕೊಳ್ಳಬಹುದು, ವಿಜ್ಞಾನ ಬಿಟ್ಟು ಚಿತ್ರಕಲೆ, ಡೇಟಾ ಎಂಟ್ರಿ ತೆಗೆದುಕೊಳ್ಳಬಹುದು. ಕೆಲವು ಮಕ್ಕಳಿಗೆ ಇದು ವರವೇ ಸರಿ. ಆದರೆ ಹೇಗಾದರೂ ಮಾಡಿ ಪಾಸು ಮಾಡಿಸಿ ದುಡ್ಡು ಎಣಿಸಿಕೊಳ್ಳುವ ಏಜೆಂಟ್ ಎಲ್ಲರಿಗೂ ಸುಲಭದ ಐದನ್ನೇ ತುಂಬಿಸುತ್ತಾನೆ. ಮಗುವಿನ ಮುಂದಿನ ದಾರಿ ಆ ಅರ್ಜಿಯಲ್ಲೇ ಮುಚ್ಚಿಹೋಗುತ್ತದೆ.

ಒಂದು ಉದಾಹರಣೆ ಸಾಕು. ಗ್ರಾಮೀಣ ಅಂಚೆ ಸೇವಕರ ಹುದ್ದೆ ಹಳ್ಳಿಯ ಮಕ್ಕಳಿಗೆ ಊರಲ್ಲೇ ಸಿಗುವ ಅಂಚೆ ಇಲಾಖೆಯ ಕೆಲಸ. ಅದಕ್ಕೆ ಬೇರೆ ಪರೀಕ್ಷೆಯಿಲ್ಲ, ಹತ್ತನೇ ತರಗತಿಯ ಅಂಕವೇ ಆಯ್ಕೆಯ ಆಧಾರ. ಆದರೆ ಅಭ್ಯರ್ಥಿ ಹತ್ತರಲ್ಲಿ ಗಣಿತ ಮತ್ತು ಇಂಗ್ಲಿಷ್ ಪಾಸಾಗಿರಬೇಕು, ಸ್ಥಳೀಯ ಭಾಷೆಯನ್ನು ಕನಿಷ್ಠ ಹತ್ತನೇ ತರಗತಿವರೆಗೆ ಓದಿರಬೇಕು. ಗಣಿತವೂ ಕನ್ನಡವೂ ಇಲ್ಲದ ಐದು ವಿಷಯ ಆರಿಸಿಕೊಂಡ ಚಿನಕುರಳಿಯ ಹುಡುಗಿಗೆ ಚಿನಕುರಳಿಯದೇ ಅಂಚೆ ಕೆಲಸ ಸಿಗದು, ಅಂಕ ತೊಂಬತ್ತೈದು ಇದ್ದರೂ ಅಷ್ಟೇ. ಪಾಲಿಟೆಕ್ನಿಕ್ ಡಿಪ್ಲೊಮಾಗೂ ಹೀಗೆಯೇ, ಹತ್ತರ ಗಣಿತ-ವಿಜ್ಞಾನದ ಅಂಕವಿಲ್ಲದೆ ಸೀಟಿಲ್ಲ. ಎನ್‌ಐಒಎಸ್‌ನಲ್ಲಿ ಕನ್ನಡ ಒಂದು ಭಾಷಾ ವಿಷಯವಾಗಿ ಇದೆ, ಗಣಿತ-ವಿಜ್ಞಾನವೂ ಇವೆ. ಆರಿಸಿಕೊಳ್ಳಬೇಕು ಅಷ್ಟೇ.

ಮುಕ್ತ ಶಾಲೆಯ ಮಕ್ಕಳ ಮೇಲೆ ನಿಯಮದ ಕತ್ತಿ ಆಗಾಗ ತೂಗಿದೆ ಎಂಬುದನ್ನೂ ಮರೆಯಬಾರದು. ಮುಕ್ತ ಶಾಲೆಯಲ್ಲಿ ಹನ್ನೆರಡನೆಯ ಹಂತ ಮುಗಿಸಿದವರಿಗೆ ವೈದ್ಯಕೀಯ ಪ್ರವೇಶದ ನೀಟ್ ಅರ್ಹತೆ ಇಲ್ಲವೆಂಬ ನಿಯಮವನ್ನು ದೆಹಲಿ ಹೈಕೋರ್ಟ್ 2018ರಲ್ಲಿ ರದ್ದುಪಡಿಸಿತು. ಸುಪ್ರೀಂ ಕೋರ್ಟ್‌ನಲ್ಲಿ ವಿಷಯ ಇತ್ಯರ್ಥವಾದದ್ದು 2024ರಲ್ಲಿ. ನ್ಯಾಯ ಕೊನೆಗೆ ಸಿಕ್ಕಿತು. ಆದರೆ ಆ ಆರು ವರ್ಷ ಅನುಮಾನದಲ್ಲಿ ಕಳೆದವರು ಇದೇ ಮಕ್ಕಳು.

ಸದ್ದಿಲ್ಲದೆ ಕೈತಪ್ಪುವ ಮೀಸಲಾತಿ

ಮೀಸಲಾತಿ ಕೈತಪ್ಪುವ ಈ ಹಾನಿಯ ಮಾತನ್ನು ಕರಪತ್ರ ಬಿಡಿ, ತಿಳಿದವರೂ ಹೇಳುವುದಿಲ್ಲ. ಸಿಇಟಿ ಮೂಲಕ ಎಂಜಿನಿಯರಿಂಗ್, ಕೃಷಿ ಮುಂತಾದ ಕೋರ್ಸಿಗೆ ಸೇರುವಾಗ ಶೇ 15ರಷ್ಟು ಸೀಟು ಗ್ರಾಮೀಣ ಅಭ್ಯರ್ಥಿಗಳಿಗೆ, ಶೇ 5ರಷ್ಟು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲು. ರಾಜ್ಯ ಸರ್ಕಾರದ ನೇಮಕಾತಿಯಲ್ಲೂ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದವರಿಗೆ ಶೇ 5 ಇದೆ. ಇವೆರಡಕ್ಕೂ ಹುಟ್ಟಿದ ಊರು, ಅಪ್ಪನ ಜಮೀನು, ರೇಷನ್ ಕಾರ್ಡು ಆಧಾರವಾಗುವುದಿಲ್ಲ. ಒಂದರಿಂದ ಹತ್ತನೇ ತರಗತಿವರೆಗೆ ಎಲ್ಲಿ, ಯಾವ ಮಾಧ್ಯಮದಲ್ಲಿ ಓದಿದ್ದು ಎಂಬುದೇ ಆಧಾರ.

ಈ ಮೀಸಲಾತಿಗೆ ಕೊಡಬೇಕಾದ ವ್ಯಾಸಂಗ ಪ್ರಮಾಣಪತ್ರದ ನಮೂನೆಯನ್ನು ಹತ್ತಿರದಿಂದ ನೋಡಿದರೆ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಯಾವ ತರಗತಿಯಿಂದ ಯಾವ ತರಗತಿವರೆಗೆ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಶಾಲೆಯಲ್ಲಿ ಓದಿದ್ದು ಎಂದು ತುಂಬಿಸಿ, ಮುಖ್ಯ ಶಿಕ್ಷಕರ ಸಹಿ-ಮೊಹರು ಹಾಕಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಪಡೆಯಬೇಕು. ಒಂದರಿಂದ ಎಂಟರವರೆಗೆ ಊರಿನ ಶಾಲೆಯ ಮುಖ್ಯ ಶಿಕ್ಷಕರು ಸಹಿ ಹಾಕುತ್ತಾರೆ. ಒಂಬತ್ತು ಮತ್ತು ಹತ್ತರ ಸಾಲಿಗೆ? ಆ ಎರಡು ವರ್ಷ ಮಗು ಯಾವ ಶಾಲೆಯಲ್ಲೂ ಇರಲಿಲ್ಲ. ಎಂಟು ವರ್ಷ ಹಳ್ಳಿಯ ಕನ್ನಡ ಶಾಲೆಯಲ್ಲಿ ಬೆವರು ಸುರಿಸಿ ಗಳಿಸಿದ್ದು ಎರಡು ಖಾಲಿ ಸಾಲಿನಲ್ಲಿ ಹೋಗುತ್ತದೆ. ನಗರದ ಶ್ರೀಮಂತರ ಮಗು ಮನೆಯಲ್ಲಿ ಓದಿದರೆ ಕಳೆದುಕೊಳ್ಳಲು ಇಂಥ ಹಕ್ಕು ಅದಕ್ಕಿರುವುದಿಲ್ಲ. ನಮ್ಮ ಮಗುವಿಗಿದೆ.

ಇದರ ಜತೆಗೆ ಹೋಗುವವು ಇನ್ನೂ ಇವೆ. ಹತ್ತನೇ ತರಗತಿವರೆಗಿನ ಬಿಸಿಯೂಟ, ಉಚಿತ ಪಠ್ಯಪುಸ್ತಕ, ಹಾಸ್ಟೆಲು, ವಿದ್ಯಾರ್ಥಿವೇತನ, ಇವೆಲ್ಲ ಹಾಜರಿ ಪುಸ್ತಕದ ಹೆಸರಿಗೆ ಅಂಟಿಕೊಂಡಿವೆ.

ಹೆಣ್ಣುಮಕ್ಕಳ ಮಾತು

ಹುಡುಗನ ವಿಷಯದಲ್ಲಿ 'ಮನೆಯಲ್ಲೇ ಓದುತ್ತಾನೆ' ಎಂಬುದು ಗದ್ದೆಗೋ ಆಲೆಮನೆಗೋ ಗ್ಯಾರೇಜಿಗೋ ಮುಗಿದರೆ, ಹುಡುಗಿಯ ವಿಷಯದಲ್ಲಿ ಮದುವೆ ಮಾತಿಗೆ ಮುಗಿಯುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಐದರಲ್ಲಿ ಒಬ್ಬರಿಗಿಂತ ಹೆಚ್ಚು. ದಿನವೂ ಶಾಲೆಗೆ ಬರುವ ಹುಡುಗಿ ನಾಲ್ಕು ದಿನ ಬಾರದಿದ್ದರೆ ಮೇಷ್ಟ್ರು ಕೇಳುತ್ತಾರೆ, ಗೆಳತಿಯರು ಕೇಳುತ್ತಾರೆ, ಅಂಗನವಾಡಿ ಕಾರ್ಯಕರ್ತೆಯ ಕಿವಿಗೆ ಬೀಳುತ್ತದೆ. ಮನೆಯಲ್ಲೇ ಇರುವ ಹುಡುಗಿ ಎಲ್ಲಿ ಹೋದಳೆಂದು ಕೇಳುವವರಿಲ್ಲ. ಮುಕ್ತ ಶಾಲೆಯ ಅರ್ಜಿ ಇಲ್ಲಿ ಓದಿನ ಹೆಸರಿನ ಪರದೆಯಾಗುವ ಅಪಾಯ ದೊಡ್ಡದಿದೆ.

ಯಾರಿಗೆ ಇದು ಸರಿಯಾದ ದಾರಿ

ದೀರ್ಘ ಕಾಯಿಲೆಯ ಮಗು, ದಿನವೂ ಬಸ್ಸು ಹತ್ತಿ ಇಳಿಯಲಾಗದ ಅಂಗವಿಕಲ ಮಗು, ಕಲಿಕೆಯ ತೊಂದರೆಯಿಂದ ಎಲ್ಲ ವಿಷಯ ಒಟ್ಟಿಗೆ ಹೊರಲಾರದ ಮಗು, ರಾಷ್ಟ್ರಮಟ್ಟದ ಕ್ರೀಡೆಗೋ ಸಂಗೀತಕ್ಕೋ ದಿನವೆಲ್ಲ ಕೊಟ್ಟ ಮಗು, ವರ್ಷಗಳ ಹಿಂದೆ ಓದು ಬಿಟ್ಟು ಈಗ ಮತ್ತೆ ಹಿಡಿಯಬೇಕೆನ್ನುವ ತಾಯಿ, ಇವರಿಗೆ ಮುಕ್ತ ಶಾಲೆ ದೊಡ್ಡ ಆಸರೆ. ಅದನ್ನು ಕಟ್ಟಿದ್ದೂ ಇವರಿಗಾಗಿಯೇ. ನಡೆದು ಹೋಗುವ ದೂರದಲ್ಲಿ ಹೈಸ್ಕೂಲಿದ್ದು, ಗಣಿತದಲ್ಲಿ ಹಿಂದೆ ಬಿದ್ದು ಬೇಸರಗೊಂಡ ಮಗುವಿಗೆ ಬೇಕಾದದ್ದು ಗಣಿತದ ಮೇಷ್ಟ್ರು. ಅದಕ್ಕೆ ಟಿ.ಸಿ. ಮದ್ದಲ್ಲ.

ಫೇಲಾದ ಮಗುವಿಗೂ ಆತುರ ಬೇಡ. ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಹೋದ ವಿಷಯವನ್ನು ಅದೇ ವರ್ಷದ ಮುಂದಿನ ಪರೀಕ್ಷೆಯಲ್ಲಿ ಬರೆಯಬಹುದು. ಏಜೆಂಟರ ಕರಪತ್ರ ಬರುವುದು ಮೊದಲ ಫಲಿತಾಂಶ ಬಂದ ವಾರದಲ್ಲೇ, ಅಂದರೆ ಇನ್ನೂ ಅವಕಾಶ ಬಾಕಿ ಇರುವಾಗಲೇ.

ಏನು ಮಾಡಬೇಕು

ಹೆತ್ತವರೇ, ದುಡ್ಡು ಕಟ್ಟುವ ಮುನ್ನ ಐದು ಪ್ರಶ್ನೆ ಕೇಳಿ. ಅಂಕಪಟ್ಟಿ ಕೊಡುವ ಮಂಡಳಿಯ ಪೂರ್ತಿ ಹೆಸರೇನು? ಅದನ್ನು ಕಾಗದದ ಮೇಲೆ ಬರೆಸಿಕೊಳ್ಳಿ, ಟ್ಯುಟೋರಿಯಲ್ಲಿನ ಹೆಸರು ಸಾಲದು. ಆ ಮಂಡಳಿಗೆ ಸಮಾನತೆ ಕೊಟ್ಟವರು ಯಾರು? ಪಿಯು ಕಾಲೇಜು ಇದನ್ನು ಒಪ್ಪುತ್ತದೆಯೇ? ಇದನ್ನು ಏಜೆಂಟನನ್ನು ಕೇಳಬೇಡಿ, ಕಾಲೇಜಿನ ಪ್ರಾಂಶುಪಾಲರನ್ನೇ ಕೇಳಿ. ಮಗುವಿನ ಐದು ವಿಷಯ ಯಾವುವು, ಅದರಲ್ಲಿ ಕನ್ನಡ, ಇಂಗ್ಲಿಷ್, ಗಣಿತ ಇವೆಯೇ? ಕೊನೆಯದಾಗಿ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಕ್ಕೆ ಒಂಬತ್ತು-ಹತ್ತರ ಸಹಿ ಯಾರು ಹಾಕುತ್ತಾರೆ? ಎನ್‌ಐಒಎಸ್‌ಗೆ ಆನ್‌ಲೈನ್‌ನಲ್ಲಿ ನೇರವಾಗಿ ಸೇರಬಹುದು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಅಲ್ಲೇ ಕೂತು ನೋಡಿ. ಮಧ್ಯವರ್ತಿ ಬೇಕೇ ಇಲ್ಲ.

ಮುಖ್ಯ ಶಿಕ್ಷಕರಲ್ಲಿ ಒಂದು ಕೋರಿಕೆ. ಒಂಬತ್ತು-ಹತ್ತನೇ ತರಗತಿಯ ಮಗುವಿಗೆ ಟಿ.ಸಿ. ಕೇಳಿ ಬಂದವರನ್ನು ಎದುರಿಗೆ ಕೂರಿಸಿ, ಈ ಐದು ಪ್ರಶ್ನೆಗಳನ್ನು ನೀವೇ ಕೇಳಿ. ಫೇಲಾದವರನ್ನು ಮತ್ತೆ ತರಗತಿಗೆ ಸೇರಿಸಿಕೊಳ್ಳುವ ಅವಕಾಶ ಏನಿದೆಯೆಂದು ತಿಳಿಸಿ. ಶಾಲಾಭಿವೃದ್ಧಿ ಸಮಿತಿಗಳು, ಗ್ರಾಮ ಪಂಚಾಯಿತಿಗಳು ಪ್ರತಿ ಮೇ ತಿಂಗಳಲ್ಲಿ ಮಾನ್ಯತೆ ಇರುವ ದಾರಿಗಳ ಒಂದು ಪುಟದ ಪಟ್ಟಿಯನ್ನು ಸೂಚನಾ ಫಲಕಕ್ಕೆ ಹಚ್ಚಿದರೆ ಖರ್ಚು ಏನೂ ಇಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯೂ ಫಲಿತಾಂಶದ ಮರುದಿನವೇ ಇಂಥ ಪ್ರಕಟಣೆ ಹೊರಡಿಸಬೇಕು. ಆ ವರ್ಷದ ಎಲ್ಲ ಪರೀಕ್ಷೆ ಮುಗಿಯುವವರೆಗೆ ಯಾವ ಮಗುವಿನ ಟಿ.ಸಿ.ಯನ್ನೂ ತೆಗೆಸಬೇಡಿ. ಅಷ್ಟು ತಾಳ್ಮೆಯಿಂದ ಉಳಿಯುವುದು ಒಂದು ಮಗುವಿನ ಮುಂದಿನ ಐವತ್ತು ವರ್ಷ.